ಮೇಲಿನ ಕ್ಲಾಸು, ಮೇಲಿನ ಬರ್ತು

ಮೊದಲ ದಿನ: ಬಿಟ್ಟಿ ಎಸಿ

ಬೆಂಗಳೂರಿನಿಂದ ಕಾರವಾರಕ್ಕೆ ರೈಲಿನಲ್ಲಿ ಹೊರಡುವ ದಿನ ಮಧ್ಯಾಹ್ನ ಆಯಿ, ಅಂದ್ರೆ ನನ್ನ ಅಮ್ಮ, ಒಗ್ಗರಣೆ ಅವಲಕ್ಕಿ ಮಾಡಿ ಡಬ್ಬಿ ತುಂಬುತ್ತಿದ್ದಳು. ಆಗ ನನ್ನ ಫೋನಿಗೆ ಮೆಸೇಜ್ ಬಂತು. ಸ್ಲೀಪರಿನಲ್ಲಿ ಮಾಡಿಸಿದ್ದ ನಮ್ಮ ಎರಡೂ ಟಿಕೆಟ್ ಥರ್ಡ್ ಎಸಿಗೆ ಏರಿತ್ತು. ಒಂದು ರೂಪಾಯಿಯೂ ಜಾಸ್ತಿ ಕೊಡಬೇಕಿಲ್ಲ.

ಮೇ ತಿಂಗಳು. ಬೆಂಗಳೂರೇ ಕಾದ ಕಾವಲಿ ಆಗಿತ್ತು. ಲಾಟರಿ ಹೊಡೆದವನ ಹಾಗೆ ಅಡುಗೆಮನೆಗೆ ಓಡಿದೆ. "ಆಯಿ, ಎಸಿ ಸಿಕ್ತು. ಬಿಟ್ಟಿ!" ಆಯಿ ಸೌಟು ಕೆಳಗಿಡದೆ ಕೇಳಿದ್ದು ಒಂದೇ ಮಾತು. "ಕೆಳಗಿನ ಸೀಟೇ ಅಲ್ದಾ?"

ಮೆಸೇಜನ್ನು ಮತ್ತೆ ನೋಡಿದೆ. ಬಿ 2, 42 ಮತ್ತು 48. ರೈಲಿನಲ್ಲಿ ಓಡಾಡುವವರಿಗೆ ಈ ಲೆಕ್ಕ ಬಾಯಿಪಾಠ ಇರುತ್ತದೆ. ಸ್ಲೀಪರಿರಲಿ, ಥರ್ಡ್ ಎಸಿಯಿರಲಿ, ಸೀಟಿನ ನಂಬರನ್ನು ಎಂಟರಿಂದ ಭಾಗಿಸಿ ಉಳಿದದ್ದು ನೋಡಬೇಕು. ಒಂದೋ ನಾಲ್ಕೋ ಉಳಿದರೆ ಕೆಳಗಿನ ಬರ್ತು. ಎರಡು, ಐದು ನಡುವಿನದು. ಮೂರು, ಆರು ಮೇಲಿನದು. ಏಳು ಉಳಿದರೆ ಸೈಡ್ ಲೋವರ್, ಏನೂ ಉಳಿಯದಿದ್ದರೆ ಸೈಡ್ ಅಪ್ಪರ್. ಹಾಗಾಗಿ 42 ಅಂದ್ರೆ ನಡುವಿನದು, 48 ಅಂದ್ರೆ ಸೈಡ್ ಅಪ್ಪರ್. ಸ್ಲೀಪರಿನಲ್ಲಿ ನಮಗೆ ಸಿಕ್ಕಿದ್ದು 33 ಮತ್ತು 36, ಎದುರುಬದುರಿನ ಕೆಳಗಿನ ಬರ್ತುಗಳು. ಅದಕ್ಕಾಗಿ 60 ದಿನ ಮೊದಲೇ, ಬುಕಿಂಗ್ ತೆರೆಯುವ ಬೆಳಿಗ್ಗೆ ಎಂಟು ಗಂಟೆಗೆ, ಹಲ್ಲೂ ಉಜ್ಜದೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ.

ಆಯಿಗೆ 71. ಎರಡೂ ಮೊಣಕಾಲು ನೋವು. ಮನೆಯ ಮೂರು ಮೆಟ್ಟಿಲನ್ನೇ ಕಂಬಿ ಹಿಡಿದು ಹತ್ತುತ್ತಾಳೆ. "ತಮಾ, ಎಂಗೆ ಮೇಲೆ ಹತ್ತಲೆ ಆಗ್ತಿಲ್ಲೆ" ಅಂದಳು. ಬೇಜಾರಿನಿಂದೇನಲ್ಲ. ಮಳೆ ಬರ್ತಿದೆ ಅನ್ನುವಷ್ಟು ಸುಮ್ಮನೆ.

ತಪ್ಪು ನನ್ನದೇ. ಬುಕ್ ಮಾಡುವಾಗ ಕೆಳಗೊಂದು ಸಣ್ಣ ಚೌಕ ಇರುತ್ತದೆ, ಸೀಟು ಖಾಲಿ ಇದ್ದರೆ ಮೇಲಿನ ಕ್ಲಾಸಿಗೆ ಏರಿಸಬಹುದಾ ಅಂತ ಕೇಳುವುದು. ಬೇಡ ಅನ್ನೋದಕ್ಕೆ ನನಗೇನು ಹುಚ್ಚಾ? ಟಿಕ್ ಹೊಡೆದಿದ್ದೆ. ಈ ಪದ್ಧತಿ 2006ರಿಂದಲೂ ಇದೆ. ಮೇಲಿನ ಕ್ಲಾಸಿನಲ್ಲಿ ಸೀಟು ಖಾಲಿ ಉಳಿದರೆ ಕೆಳಗಿನವರನ್ನು ಅಲ್ಲಿಗೆ ಎತ್ತುತ್ತಾರೆ, ಅವರು ಬಿಟ್ಟ ಜಾಗಕ್ಕೆ ವೇಟಿಂಗ್ ಲಿಸ್ಟಿನವರು ಬರುತ್ತಾರೆ. ಎಲ್ಲರಿಗೂ ಒಳ್ಳೇದೇ. ಆದರೆ ಏರಿಸುವಾಗ ಕ್ಲಾಸು ಮಾತ್ರ ನೋಡುತ್ತಾರೆ. ಕೆಳಗಿನ ಬರ್ತಿಗೆ ಖಾತರಿ ಇಲ್ಲ, ಹಿರಿಯರಿಗೂ ಇಲ್ಲ. ಪೂರ್ತಿ ಚಾರ್ಜು ಕೊಟ್ಟವರನ್ನು ಮಾತ್ರ ಏರಿಸುತ್ತಾರೆ. ಹಿರಿಯರ ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತು ಹೋಗಿ ಆಯಿಯೂ ಪೂರ್ತಿ ಚಾರ್ಜಿನವಳೇ ಆಗಿದ್ದಳಲ್ಲ, ಅದಕ್ಕೇ ಈ ಭಾಗ್ಯ!

ಸ್ಟೇಷನ್ನಿನಲ್ಲಿ ಟಿಟಿಯನ್ನು ಹುಡುಕಿ ಕೇಳಿದೆ. ಹಳೇ ಸೀಟೇ ವಾಪಸ್ ಕೊಡಿ ಸಾರ್ ಅಂತ. ಅವರು ಕೈಯಲ್ಲಿದ್ದ ಮಷಿನ್ ಒತ್ತಿ ನೋಡಿ ನಕ್ಕರು. "ನಿಮ್ಮ 33, 36 ಆಗ್ಲೇ ಬೇರೆಯವರಿಗೆ ಹೋಗಿದೆ. ಎಸಿ ಬೇಡ ಅಂತ ಬಂದವರು ಇವತ್ತು ನೀವೊಬ್ಬರೇ."

41ರ ಕೆಳಗಿನ ಬರ್ತಿನಲ್ಲಿ ಕುಂದಾಪುರದ ಹೋಟೆಲಿನವರೊಬ್ಬರು ಕೂತಿದ್ದರು. ಕೇಳಿದ ತಕ್ಷಣ ಪ್ಯಾಂಟು ಮೇಲೆತ್ತಿ ಮೊಣಕಾಲಿನ ಪಟ್ಟಿ ತೋರಿಸಿದರು. ಅವರೂ ಅದಕ್ಕೇ ಲೋವರ್ ಮಾಡಿಸಿದವರು. ಇನ್ನೇನು ಕೇಳೋದು? ಅಷ್ಟರಲ್ಲಿ ಎದುರು 44ರಲ್ಲಿದ್ದ ಕಾಲೇಜು ಹುಡುಗಿ ಕಿವಿಯಿಂದ ಇಯರ್‌ಫೋನ್ ತೆಗೆದು, "ಅಜ್ಜಿ, ನೀವು ಇಲ್ಲಿ ಮಲ್ಕೊಳ್ಳಿ, ನಾನು ಮಿಡ್ಲ್‌ಗೆ ಹೋಗ್ತೆ" ಅಂದಳು. ಆ 'ಹೋಗ್ತೆ' ಕೇಳಿದ್ದೇ ಆಯಿ ಅವಳ ಊರು ಕೇಳಿದಳು. ಕುಮಟಾ. ಆಮೇಲೆ ಅರ್ಧ ಗಂಟೆ ಅವರಿಬ್ಬರಿಗೆ ನಾನು ಬೇಕಾಗಲಿಲ್ಲ. ಅವಲಕ್ಕಿ ಡಬ್ಬಿಯ ದೊಡ್ಡ ಪಾಲೂ ಅವಳಿಗೇ ಹೋಯಿತು.

ರಾತ್ರಿ ಹತ್ತಕ್ಕೆ ನಡುವಿನ ಬರ್ತು ಎತ್ತಿದರು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮಾತ್ರ ಅದನ್ನು ಎತ್ತಬಹುದು ಅನ್ನೋದು ನಿಯಮ. ನಾನು ಸೈಡ್ ಅಪ್ಪರಿನಲ್ಲಿ ಮೊಣಕಾಲು ಮಡಚಿ ಮಲಗಿದೆ. ನನ್ನ ಎತ್ತರಕ್ಕೆ ಆ ಬರ್ತು ತೊಟ್ಟಿಲು. ಮಲಗಿದಲ್ಲೇ ಲೆಕ್ಕ ಹಾಕಿದೆ. ಸ್ಲೀಪರಿಗಿಂತ ಥರ್ಡ್ ಎಸಿಗೆ ಎರಡೂವರೆ ಪಟ್ಟಿಗೂ ಜಾಸ್ತಿ ಚಾರ್ಜು. ಅಷ್ಟು ಕೊಟ್ಟು ಬರೋದೇನು? ಅದೇ ಮೂರು ಅಂತಸ್ತು. ಅದೇ ಸೈಡ್ ಬರ್ತು. ಹೊಸ ಮಾದರಿಯ ಡಬ್ಬಿಗಳಲ್ಲಿ ಸ್ಲೀಪರಿಗೆ 80 ಬರ್ತು, ಥರ್ಡ್ ಎಸಿಗೆ 72. ಎಕಾನಮಿ ಎಸಿ ಅಂತ 2021ರಲ್ಲಿ ಬಂದದ್ದರಲ್ಲಂತೂ 83. ಜಾಗದ ವಿಷಯದಲ್ಲಿ ಅಂಥ ದೊಡ್ಡ ಏರಿಕೆ ಏನೂ ಇಲ್ಲ. ತಣ್ಣನೆ ಗಾಳಿ, ಬೆಡ್‌ಶೀಟು, ಕಂಬಳಿ, ಸ್ವಲ್ಪ ನಿಶ್ಶಬ್ದ. ಇದಕ್ಕೆ ಬದಲಾಗಿ ಕಿಟಕಿ ಮುಚ್ಚುತ್ತದೆ.

ತಣ್ಣನೆ ಗಾಳಿಯೂ ಸ್ವಲ್ಪ ಅತಿಯಾಯಿತು. ನಡುರಾತ್ರಿ ಇಳಿದು ನೋಡಿದರೆ ಆಯಿ ಅವಳ ಕಂಬಳಿಯ ಮೇಲೆ ನನ್ನದನ್ನೂ ಹೊದ್ದು, ಸೆರಗಿನಿಂದ ಕಿವಿ ಮುಚ್ಚಿ ಎದ್ದು ಕೂತಿದ್ದಳು. ಗಾಡಿ ಘಟ್ಟ ಇಳಿಯುತ್ತಿತ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ 55 ಕಿ.ಮೀ.ಯಲ್ಲಿ 57 ಸುರಂಗಗಳಿವೆ. ಆಯಿ ಇಷ್ಟು ದಿನ ಹೇಳುತ್ತಿದ್ದುದು ಇದೊಂದನ್ನೇ, ಘಟ್ಟದ ಗಾಳಿ ತಗೋಬೇಕು ಅಂತ. ಈಗ ಗಾಜಿಗೆ ಹಣೆ ಒತ್ತಿದರೆ ಅವಳದೇ ಮುಖ ಕಾಣುತ್ತಿತ್ತು. "ಹೇಗಿದೆ ಎಸಿ?" ಅಂದೆ.

"ಅಡ್ಡಿಲ್ಲೆ. ಆಸ್ಪತ್ರೆ ಹಾಂಗಿದ್ದು."

ನಮ್ಮ ಕಡೆ ಅಡ್ಡಿಲ್ಲೆ ಅನ್ನೋ ಮಾತಿಗೆ ಹತ್ತು ಅರ್ಥ. ಪರವಾಗಿಲ್ಲ, ಚೆನ್ನಾಗಿದೆ, ಬೇಡ, ನೀನು ಬೇಜಾರು ಮಾಡ್ಕೋಬೇಡ. ಇದು ಕೊನೆಯದು.

ಎರಡನೇ ದಿನ: ಕಾರವಾರ

ಬೆಳಗಾಗುವಾಗ ಮುರ್ಡೇಶ್ವರ ದಾಟಿತ್ತು. ಹೊನ್ನಾವರಕ್ಕೆ ಮೊದಲು ಶರಾವತಿ ಸೇತುವೆ ಬರುತ್ತದೆ. ಎರಡು ಕಿ.ಮೀ.ಗೂ ಜಾಸ್ತಿ ಉದ್ದ, ಕೊಂಕಣ ರೈಲ್ವೆಯಲ್ಲೇ ದೊಡ್ಡದು. ಎಸಿಯ ಗಾಜಿನಲ್ಲಿ ಹೊಳೆ ಹಳೇ ಫೋಟೋದ ಹಾಗೆ ಮಾಸಲಾಗಿತ್ತು. ಆಯಿಯ ಕೈ ಹಿಡಿದು ಡಬ್ಬಿಯ ತುದಿಯ ಪ್ಯಾಸೇಜಿಗೆ ಕರೆದುಕೊಂಡು ಹೋದೆ. ಅಲ್ಲಿ ಯಾರೋ ಬಾಗಿಲು ತೆರೆದಿಟ್ಟಿದ್ದರು. ಬಾಗಿಲಿಗೆ ನಾನು ಅಡ್ಡ ನಿಂತೆ, ಅವಳು ನನ್ನ ಬೆನ್ನ ಹಿಂದಿನಿಂದ ಇಣುಕಿದಳು. ಉಪ್ಪು ಮಿಶ್ರಿತ ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಒಂದು ದೋಣಿ, ಬಲೆ ಎಳೆಯುತ್ತಿದ್ದ ಇಬ್ಬರು, ದೂರದಲ್ಲಿ ತೆಂಗಿನ ಸಾಲು. ಹುಡುಗಿ ಕುಮಟಾದಲ್ಲಿ ಇಳಿಯುವಾಗ ಆಯಿಯ ಕಾಲಿಗೆ ನಮಸ್ಕಾರ ಮಾಡಿ ಹೋದಳು. ಹೆಸರು ಕೇಳುವುದು ಇಬ್ಬರಿಗೂ ಮರೆತಿತ್ತು.

ಕಾರವಾರ ಸ್ಟೇಷನ್ ಇರುವುದು ಶಿರವಾಡದಲ್ಲಿ, ಊರಿನಿಂದ ಸುಮಾರು ದೂರ. ಗಾಡಿ ಬಂದ ಕೂಡಲೇ ಆಟೋಗಳೆಲ್ಲ ತುಂಬಿ ಹೋಗುತ್ತವೆ, ಆಮೇಲೆ ಕಾಯಬೇಕು. ಆಯಿಯನ್ನು ಮೆಲ್ಲಗೆ ನಡೆಸಿಕೊಂಡು ಹೊರಗೆ ಬರುವಷ್ಟರಲ್ಲಿ ನಮಗೆ ಕಾಯುವ ಪಾಳಿ. ಕೊನೆಗೆ ಸಿಕ್ಕ ಆಟೋದವರು ಕೊಂಕಣಿಯಲ್ಲೇ ಶುರು ಮಾಡಿದರು. ಆಯಿ ಕೊಂಕಣಿಯಲ್ಲೇ ಉತ್ತರ ಕೊಟ್ಟಳು. ನಾನು ಬಾಯಿ ಬಿಟ್ಟೆ. ನಲವತ್ತು ವರ್ಷ ಎಲ್ಲಿ ಇಟ್ಟಿದ್ದಳೋ ಆ ಭಾಷೆಯನ್ನು!

ಅಪ್ಪಯ್ಯ ಇಲ್ಲಿ ಶಾಲೆ ಮಾಸ್ತರನಾಗಿದ್ದ. ಮದುವೆಯಾದ ಹೊಸದರಲ್ಲಿ ಕಾಜುಬಾಗದಲ್ಲಿ ಬಾಡಿಗೆ ಮನೆ. ಆಗ ಈ ಊರಿಗೆ ರೈಲು ಇರಲಿಲ್ಲ. ಕೊಂಕಣ ರೈಲ್ವೆಯ ಇಡೀ ದಾರಿ ತೆರೆದದ್ದು 1998ರ ಜನವರಿಯಲ್ಲಿ. ಅದಕ್ಕೂ ಮೊದಲು ಬೆಂಗಳೂರಿಗೆ ರೈಲಿನಲ್ಲಿ ಹೋಗಬೇಕಂದ್ರೆ ಬಸ್ಸಿನಲ್ಲಿ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ ಮುಟ್ಟಬೇಕಿತ್ತು. ಕ್ಲಾಸು ಗೀಸು ಅಂತ ಯೋಚನೆ ಮಾಡುವ ಪ್ರಶ್ನೆಯೇ ಇರಲಿಲ್ಲ ಅನ್ನುತ್ತಾಳೆ ಆಯಿ. ಬಸ್ಸಿನಲ್ಲಿ ವಾಂತಿ ಆಗದಿದ್ದರೆ ಅದೇ ಫಸ್ಟ್ ಕ್ಲಾಸ್.

ಆ ಮನೆ ಈಗ ಇಲ್ಲ. ಜಾಗದಲ್ಲಿ ಮೂರು ಅಂತಸ್ತಿನ ಕಟ್ಟಡ. ಬಾವಿ ಮಾತ್ರ ಉಳಿದಿತ್ತು, ಕಬ್ಬಿಣದ ಜಾಳಿಗೆ ಹಾಕಿಕೊಂಡು. ಆಯಿ ಜಾಳಿಗೆಯ ಮೇಲೆ ಬಗ್ಗಿ ನೋಡಿ, ನೀರು ಇದೆ ಅಂದಳು. ಅಷ್ಟೇ. ಅಳುತ್ತಾಳೇನೋ ಅಂತ ನಾನು ಹೆದರಿದ್ದು ವ್ಯರ್ಥವಾಯಿತು. ಅವಳಿಗೆ ಆಗ ಹಸಿವಾಗಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣ ಹೋಟೆಲಿನಲ್ಲಿ ಬನ್ಸ್ ತಿಂದೆವು, ಹೊರಗೆ ಗರಿ, ಒಳಗೆ ಬಾಳೆಹಣ್ಣಿನ ಸಿಹಿ. ಆಯಿ ಎರಡು ತಿಂದು ಮೂರನೆಯದನ್ನು ಕಾಗದದಲ್ಲಿ ಕಟ್ಟಿಸಿಕೊಂಡಳು.

ಮಧ್ಯಾಹ್ನದ ಸೆಕೆಯಲ್ಲಿ ಲಾಡ್ಜಿನ ಫ್ಯಾನು ತಿರುಗಿದ್ದೇ ಸುಳ್ಳು. ಇಲ್ಲೂ ಅದೇ ಪ್ರಶ್ನೆ ಬಂದಿತ್ತು ನೋಡಿ, ಎಸಿ ರೂಮಾ, ಸಾದಾ ರೂಮಾ. ರಾತ್ರಿಯ ಚಳಿ ನೆನಪಿಟ್ಟುಕೊಂಡು ಸಾದಾ ಅಂದಿದ್ದೆ. ಬಿಸಿಲಿಗೆ ಕಾದ ತಾರಸಿಯ ಕೆಳಗೆ ಮಲಗಿ ಇಬ್ಬರೂ ಬೆವರಿನಲ್ಲಿ ತೊಯ್ದೆವು. ಕರಾವಳಿಯ ಮೇ ತಿಂಗಳಿನಲ್ಲಿ ರೂಮಿಗೆ ಎಸಿ ಬೇಕು. ಇದರಲ್ಲಿ ನನಗೆ ಇನ್ನು ಅನುಮಾನ ಇಲ್ಲ.

ಸಂಜೆ ಟಾಗೋರ್ ಕಡಲತೀರ. 1880ರ ದಶಕದಲ್ಲಿ ರವೀಂದ್ರನಾಥ ಟಾಗೋರರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದಾಗ, ಇಪ್ಪತ್ತರ ಹರೆಯದ ರವೀಂದ್ರರು ಬಂದು ಇದ್ದು ಹೋದರು. ಅದಕ್ಕೇ ಈ ಹೆಸರು. ದಂಡೆಯಲ್ಲಿ ನಿಲ್ಲಿಸಿರುವ ಚಪಲ್ ಅನ್ನೋ ಹಳೇ ಯುದ್ಧನೌಕೆಗೆ ಮಕ್ಕಳು ಮುತ್ತಿದ್ದರು. ಅದರ ಮೆಟ್ಟಿಲು ನೋಡಿಯೇ ಆಯಿ ಕೈ ಮುಗಿದಳು. ಕಾಳಿ ಹೊಳೆಯ ಕಡೆಗೆ ಹೋಗಿ ಸದಾಶಿವಗಡದ ಗುಡ್ಡ ನೋಡುತ್ತ ಕೂತೆವು. ಇಲ್ಲಿಯ ಹಳೇ ಸೇತುವೆಯ ಕಂಬ ಏಳುವುದನ್ನು ಆಯಿ ದಿನಾ ನೋಡಿದವಳು. ಅದು 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿತ್ತು. ಒಂದು ಲಾರಿಯೂ ಹೊಳೆಗೆ ಬಿತ್ತು, ಪುಣ್ಯಕ್ಕೆ ಚಾಲಕ ಬದುಕಿದರು. ಪಕ್ಕದಲ್ಲಿ ಗಾಳ ಹಾಕಿ ಕೂತಿದ್ದವರು ಹೇಳಿದರು, "ಅದೇ ವರ್ಷ ಜುಲೈನಲ್ಲಿ ಶಿರೂರು ಗುಡ್ಡ ಬಿತ್ತು, ಆಗಸ್ಟ್‌ನಲ್ಲಿ ಸೇತುವೆ. ಮಳೆಗಾಲ ಬಂತಂದ್ರೆ ಈಗ ಮೊದ್ಲು ರಸ್ತೆ ಸುದ್ದಿ ಕೇಳೋದು, ಆಮೇಲೆ ಮೀನಿನ ಸುದ್ದಿ." ಅವರಿಗೆ ಅವತ್ತು ಒಂದೂ ಮೀನು ಸಿಕ್ಕಿರಲಿಲ್ಲ. ಅದರ ಬಗ್ಗೆ ಬೇಜಾರೂ ಇದ್ದ ಹಾಗಿರಲಿಲ್ಲ.

ಮೂರನೇ ದಿನ: ಕ್ಲಾಸೇ ಇಲ್ಲದ ಗಾಡಿ

ಇನ್ನು ಹೋಗಬೇಕಾದದ್ದು ಶಿರಸಿ ಕಡೆಯ ಮಾವನ ಮನೆಗೆ. ಶಿರಸಿಗೆ ರೈಲು ಇಲ್ಲ. ಕಾರವಾರದಿಂದ ನೇರ ಬಸ್ಸು ಹಿಡಿಯಬಹುದಿತ್ತು. ಮಡಗಾಂವಿನಿಂದ ಮಂಗಳೂರಿಗೆ ಹೋಗುವ ಪ್ಯಾಸೆಂಜರ್ ಮಧ್ಯಾಹ್ನ ಕಾರವಾರಕ್ಕೆ ಬರುತ್ತದೆ, ಅದರಲ್ಲಿ ಕುಮಟಾಕ್ಕೆ ಹೋಗೋಣ ಅಂದವಳು ಆಯಿ. ಕೌಂಟರಿನಲ್ಲಿ ಟಿಕೆಟ್ ಕೇಳಿದೆ. ಇಬ್ಬರದ್ದೂ ಸೇರಿ ಎರಡು ಮಸಾಲೆ ದೋಸೆಯ ದುಡ್ಡೂ ಆಗಲಿಲ್ಲ. ರಿಸರ್ವೇಷನ್ ಇಲ್ಲ, ಬರ್ತ್ ಇಲ್ಲ. ಯಾವ ಚೌಕಕ್ಕೂ ಟಿಕ್ ಹೊಡೆಯಬೇಕಿಲ್ಲ.

ಕಿಟಕಿ ಪಕ್ಕ ಆಯಿ. ಗಾಡಿ ಹೊರಟು ದೊಡ್ಡ ಸುರಂಗ ಹೊಕ್ಕಿತು. ಸುಮಾರು ಮೂರು ಕಿ.ಮೀ. ಉದ್ದದ್ದು. ಹೊರಗಿನ ಸೆಕೆ ಒಂದೇ ಸಲಕ್ಕೆ ನಿಂತು, ಬಾವಿಯ ಒಳಗಿನಂಥ ತಂಪು ಬಂತು. ಒದ್ದೆ ಕಲ್ಲಿನ ವಾಸನೆ. ಡಬ್ಬಿಯ ಹುಡುಗರೆಲ್ಲ ಕೂಗಿದರು. ಆಯಿ ಕಣ್ಣು ಮುಚ್ಚಿ ಮುಖವನ್ನು ಕಿಟಕಿಗೆ ಕೊಟ್ಟು ಕೂತಳು. ಸುರಂಗ ಮುಗಿದ ಕೂಡಲೇ ಮತ್ತೆ ಕಾದ ಗಾಳಿ, ಗೇರು ಗುಡ್ಡ, ಕೆಂಪು ಮಣ್ಣು.

ಹಾರವಾಡ, ಆಮೇಲೆ ಅಂಕೋಲಾ. ಅಲ್ಲಿ ಹಾಲಕ್ಕಿ ಸಮುದಾಯದ ಹೆಂಗಸೊಬ್ಬರು ಬುಟ್ಟಿ ಹೊತ್ತು ಹತ್ತಿದರು. ಕುತ್ತಿಗೆ ತುಂಬ ಮಣಿಸರ, ಬುಟ್ಟಿ ತುಂಬ ಕರಿ ಇಶಾಡು. ಈ ಮಾವಿಗೆ 2023ರಲ್ಲಿ ಜಿಐ, ಅಂದ್ರೆ ಇದು ಈ ಊರಿನದೇ ಅನ್ನುವ ಮಾನ್ಯತೆ ಸಿಕ್ಕಿದೆ. ಬೆಂಗಳೂರಿನಲ್ಲಿ ದುಡ್ಡು ಕೊಡ್ತೀನಂದ್ರೂ ಸಿಗೋದು ಕಷ್ಟ. ಸಿಪ್ಪೆ ತೆಳ್ಳಗೆ, ಒಳಗೆ ತಿರುಳೇ ತಿರುಳು, ದೂರ ಸಾಗಿಸಿದರೆ ಮುದ್ದೆಯಾಗುತ್ತದೆ. ಬುಟ್ಟಿ ಇಳಿಸಿದ್ದೇ ಇಡೀ ಡಬ್ಬಿ ಮಾವಿನ ಪರಿಮಳ. ಆಯಿ ಚೌಕಾಸಿಗೆ ಇಳಿದಳು.

"ಅಕ್ಕಾ, ಎರಡು ಡಜನ್ ತಗೋತೆ, ಸರಿ ರೇಟು ಹೇಳು."

"ಎರಡು ಡಜನ್ ಹೊತ್ಕಂಡು ಎಲ್ಲಿಗ್ರಾ?"

"ಶಿರಸಿಗೆ. ಆಮೇಲೆ ಬೆಂಗಳೂರಿಗೆ."

"ಬೆಂಗಳೂರಿಗೆ ಹೋಪತ್ನಕ ಉಳೀತದಾ?" ಅಂತ ಆಕೆ ನಕ್ಕರು. ಗಟ್ಟಿ ಇದ್ದ ಕಾಯಿ ಬೇರೆ, ಹಣ್ಣಾದದ್ದು ಬೇರೆ ಆರಿಸಿ ಕೊಟ್ಟರು. ಮಾತಿಗೆ ಮಾತು ಬಂದು ನಮ್ಮ ಎಸಿ ಕತೆಯನ್ನೂ ಆಯಿ ಹೇಳಿದಳು. ಆಕೆಗೆ ಅರ್ಥವಾಗದ್ದು ಒಂದೇ. "ದುಡ್ಡು ಕೊಟ್ಟು ಕಿಟಕಿ ಮುಚ್ಕಂಬುದ್ಯಾಕ್ರಾ? ಗಾಳಿ ಬೇಕಷ್ಟದೆ."

ಬಿಸಿಲಲ್ಲಿ ಬುಟ್ಟಿ ಹೊತ್ತು ಬಂದವರಿಗೆ ಹಾಗನ್ನಿಸಿದ್ದು ಸರಿಯೇ. ಆದರೆ ನಾನು ಆಗ ಬಾಯಿ ಬಿಡಲಿಲ್ಲ, ಈಗ ಹೇಳ್ತೀನಿ. ಇದೇ ಗಾಡಿಯಲ್ಲಿ ಹದಿನಾಲ್ಕು ಗಂಟೆ ಕೂರು ಅಂದ್ರೆ ಗಾಳಿ ಎಷ್ಟಿದ್ದರೂ ನನಗೆ ಸಾಧ್ಯವಿಲ್ಲ. ಹಗಲಿಗೆ, ಒಂದೂವರೆ ಗಂಟೆಗೆ, ಗಂಗಾವಳಿ, ಅಘನಾಶಿನಿ ಎರಡು ಹೊಳೆ ದಾಟುವ ದಾರಿಗೆ ಇದಕ್ಕಿಂತ ಒಳ್ಳೆಯ ಕ್ಲಾಸು ಇಲ್ಲ.

ಕುಮಟಾದಲ್ಲಿ ಇಳಿದು ಶಿರಸಿ ಬಸ್ಸು. ಕತಗಾಲ ದಾಟಿ ದೇವಿಮನೆ ಘಟ್ಟ. ರಸ್ತೆ ಅಗಲ ಮಾಡಲು ಗುಡ್ಡ ಕಡಿದ ಜಾಗ ಕೆಂಪಗೆ ಗಾಯದ ಹಾಗೆ ಕಾಣುತ್ತಿತ್ತು. ಈ ದಾರಿಯಲ್ಲಿ ಹೋಗುವವರು ಬಸ್ಸು ಬಿಡುತ್ತಿದೆಯಾ ಅಂತ ಮೊದಲೇ ಕೇಳಿಕೊಳ್ಳಬೇಕು, ಮಳೆಗಾಲದಲ್ಲಂತೂ ಕೇಳದೆ ಹೊರಡಲೇಬಾರದು. ಘಟ್ಟ ಹತ್ತುತ್ತ ಸೆಕೆ ಇಳಿಯಿತು. ರಾಗಿಹೊಸಳ್ಳಿ ಬರುವಷ್ಟರಲ್ಲಿ ಆಯಿ ನಿದ್ದೆ ಹೋಗಿದ್ದಳು, ಮಾವಿನ ಚೀಲ ತೊಡೆಯ ಮೇಲೆ.

ನಾಲ್ಕನೇ ದಿನ: ಹಪ್ಪಳದ ಮನೆ

ಮಾವನ ಮನೆ ಶಿರಸಿಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಮೇಲೆ. ನಾವು ಹೋದಾಗ ಹಲಸಿನಕಾಯಿ ಹಪ್ಪಳದ ಸುಗ್ಗಿ. ಬೆಳಿಗ್ಗೆ ಆರಕ್ಕೇ ತೊಳೆ ಬೇಯಿಸಿ, ಒರಳಿನಲ್ಲಿ ಕುಟ್ಟಿ, ಉಂಡೆ ಮಾಡಿ, ಬಾಳೆಲೆಯ ಮೇಲೆ ಒತ್ತುವ ಕೆಲಸ. ಅಂಗಳದ ಚಾಪೆಗಳ ಮೇಲೆ ಸಾಲು ಸಾಲು ಹಪ್ಪಳ. ಮೊಣಕಾಲು ನೋವಿನ ಆಯಿ ಕಾಲು ಚಾಚಿ ಕೂತು ಉಂಡೆ ಕಟ್ಟಿದ್ದೇ ಕಟ್ಟಿದ್ದು. ಮಾತಿನ ವೇಗಕ್ಕೆ ಕೈಯೂ, ಕೈಯ ವೇಗಕ್ಕೆ ಮಾತೂ. ಅತ್ತೆ ಮುರುಗಲು ಹಣ್ಣಿನ ಪಾನಕ ತಂದುಕೊಟ್ಟರು. ಕಾಗೆ ಓಡಿಸುವ ಕೆಲಸ ನನ್ನ ಪಾಲಿಗೆ ಬಂತು. ಕೋಲು ಹಿಡಿದು ಕೂತು ನಿದ್ದೆ ಮಾಡಿದೆ, ಎರಡು ಹಪ್ಪಳ ಹೋಯಿತು, ಬೈಸಿಕೊಂಡೆ.

ಮಧ್ಯಾಹ್ನ ಊಟಕ್ಕೆ ತಂಬುಳಿ, ಇಶಾಡಿನ ಸೀಕರಣೆ. ಮಾವ ಊಟದ ನಡುವೆ ರೈಲಿನ ಮಾತೆತ್ತಿದ. ಅವನು ಬೆಂಗಳೂರಿಗೆ ಬರುವುದು ಯಾವಾಗಲೂ ಸೆಕೆಂಡ್ ಎಸಿಯಲ್ಲಿ. ಅಡಿಕೆಗೆ ರೇಟು ಬಂದ ವರ್ಷ ಮಾತ್ರ, ಅಂತ ಅತ್ತೆ ಒಳಗಿಂದ ತಿದ್ದಿದರು. "ಸೆಕೆಂಡ್ ಎಸೀಲಿ ನಡುವಿನ ಬರ್ತೇ ಇಲ್ಲ, ಕೂತ್ರೆ ತಲೆ ತಾಗೂದಿಲ್ಲ, ಪರದೆ ಇರ್ತದೆ" ಅನ್ನೋದು ಮಾವನ ವಾದ. ನಿಜ. ಆದರೆ ಅಲ್ಲೂ ಅರ್ಧಕ್ಕರ್ಧ ಬರ್ತು ಮೇಲಿನವೇ ಅಲ್ವಾ? ಆಯಿಗೆ ಬೇಕಾದದ್ದು ಪರದೆ ಅಲ್ಲ, ಕೆಳಗಿನ ಬರ್ತು. ಅದು ಸಿಗುವುದು ದುಡ್ಡಿಗಿಂತ ಬೇಗ ಬುಕ್ ಮಾಡಿದವರಿಗೆ. 45 ದಾಟಿದ ಹೆಂಗಸರಿಗೆ, 60 ದಾಟಿದ ಗಂಡಸರಿಗೆ ಕೆಳಗಿನ ಬರ್ತಿನ ಕೋಟಾ ಬೇರೆ ಇದೆ, ಒಬ್ಬರೇ ಅಥವಾ ಅಂಥವರೇ ಇಬ್ಬರು ಹೋಗುವಾಗ. ನಾನು ಜೊತೆಗೆ ಸೇರಿದ್ದರಿಂದ ನಮಗೆ ಅದು ಆಗಲಿಲ್ಲ. ಅವಳದು ಒಂದು ಟಿಕೆಟ್, ನನ್ನದು ಇನ್ನೊಂದು ಟಿಕೆಟ್ ಮಾಡಿಸಿದ್ದರೆ ಆಗುತ್ತಿತ್ತು. ಇದೆಲ್ಲ ಗೊತ್ತಾಗೋದು ಆಮೇಲೆ.

ವಾಪಸಿನ ಟಿಕೆಟ್ ಕೂಡ ಸ್ಲೀಪರ್, 17 ಮತ್ತು 20, ಎರಡೂ ಕೆಳಗಿನವು. ಅದನ್ನು ಮಾಡಿಸುವಾಗ ಆ ಚೌಕಕ್ಕೆ ಟಿಕ್ ಹೊಡೆದಿದ್ದೆನಾ ಇಲ್ಲವಾ? ರಾತ್ರಿ ಮಲಗಿದ ಮೇಲೆ ನೆನಪಾಗಿ ಎದ್ದು, ನೆಟ್‌ವರ್ಕ್ ಸಿಗುವ ಜಾಗಕ್ಕಾಗಿ ಬ್ಯಾಟರಿ ಹಿಡಿದು ಕೊಟ್ಟಿಗೆಯ ಹಿಂದಿನ ದಿಬ್ಬ ಹತ್ತಿದೆ. ಇಲ್ಲ, ಹೊಡೆದಿರಲಿಲ್ಲ. ಕೊಟ್ಟಿಗೆಯ ಎಮ್ಮೆ ನನ್ನನ್ನೇ ನೋಡುತ್ತಿತ್ತು.

ಐದನೇ ದಿನ: ಮಳೆ, ಈರುಳ್ಳಿ, ಟಿಟಿ

ಸಂಜೆ ಕುಮಟಾದಲ್ಲಿ ಗಾಡಿ. ಶಿರಸಿಯಿಂದ ಬೇಗ ಹೊರಟರೂ ದೇವಿಮನೆಯಲ್ಲಿ ಮಳೆ ಹಿಡಿಯಿತು. ಗುಡುಗಿನ ಮಳೆ. ಒಂದು ಮರ ರಸ್ತೆಗೆ ಅಡ್ಡ ಬಿದ್ದು ಬಸ್ಸು ನಲವತ್ತು ನಿಮಿಷ ನಿಂತಿತು. ಕಂಡಕ್ಟರು, ನಾಲ್ಕು ಹುಡುಗರು, ಎಲ್ಲಿಂದಲೋ ಬಂದ ಒಂದು ಕತ್ತಿ ಸೇರಿ ಕೊಂಬೆ ಕಡಿದು ದಾರಿ ಮಾಡಿದರು. ಆಯಿ ಕಿಟಕಿಯಿಂದ ಅವರಿಗೆ ಸೂಚನೆ ಕೊಡುತ್ತಿದ್ದಳು.

ಅಷ್ಟು ತಡವಾದರೂ ಕುಮಟಾದಲ್ಲಿ ಅವಳಿಗೆ ಈರುಳ್ಳಿ ಬೇಕು. ಕುಮಟಾದ ಸಿಹಿ ಈರುಳ್ಳಿ, ಬೇಸಿಗೆಯಲ್ಲಿ ಮಾತ್ರ ಹೆದ್ದಾರಿ ಪಕ್ಕದಲ್ಲಿ ಗೊಂಚಲು ಕಟ್ಟಿ ತೂಗು ಹಾಕಿರುತ್ತಾರಲ್ಲ, ಅದು. ಹಸಿಯಾಗಿ ತಿಂದರೂ ಖಾರ ಇಲ್ಲ. ಆಟೋ ನಿಲ್ಲಿಸಿ ಎರಡು ಗೊಂಚಲು ತಗೊಂಡೆವು. ಮಾವಿನ ಚೀಲ, ಹಪ್ಪಳದ ಡಬ್ಬಿ, ಈಗ ಕೊರಳಿಗೆ ಹಾರದ ಹಾಗೆ ಈರುಳ್ಳಿ. ಪ್ಲಾಟ್‌ಫಾರಂಗೆ ಕಾಲಿಟ್ಟಾಗ ಗಾಡಿ ಬರುವ ಅನೌನ್ಸ್ ಆಗುತ್ತಿತ್ತು.

ಸ್ಲೀಪರಿನೊಳಗೆ ನಿಜವಾದ ಪರೀಕ್ಷೆ ಶುರುವಾಯಿತು. ಮಳೆ ಅಂತ ಎಲ್ಲರೂ ಕಿಟಕಿ ಇಳಿಸಿದ್ದರು. ಒಳಗೆ ಹಬೆ ಪಾತ್ರೆ. ಒದ್ದೆ ಬಟ್ಟೆ, ಬೆವರು, ಯಾರದೋ ಬಂಗಡೆ ಸಾರಿನ ಡಬ್ಬಿ, ನಮ್ಮ ಈರುಳ್ಳಿ. ಫ್ಯಾನು ಆ ಬಿಸಿಯನ್ನೇ ತಿರುಗಿಸಿ ಕೊಡುತ್ತಿತ್ತು. ಭಟ್ಕಳ ಬರುವಷ್ಟರಲ್ಲಿ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಕಿಟಕಿ, ಗಾಳಿ ಅನ್ನೋ ಎರಡು ದಿನದ ನನ್ನ ಭಾಷಣವೆಲ್ಲ ಕರಗಿ ಹೋಯಿತು.

ಟಿಟಿ ಬಂದಾಗ ಕೇಳಿಯೇಬಿಟ್ಟೆ. ಥರ್ಡ್ ಎಸಿಯಲ್ಲಿ ಖಾಲಿ ಇದೆಯಾ ಸಾರ್?

"ಅರ್ಧ ಸೀಟಿನ ಆರ್‌ಎಸಿಯವರಿಗೆಲ್ಲ ಕೊಟ್ಟಾಗಿದೆ. ಎರಡು ಉಳಿದಿದೆ. ವ್ಯತ್ಯಾಸದ ದುಡ್ಡು ಕಟ್ಟಿದ್ರೆ ರಸೀದಿ ಕೊಡ್ತೀನಿ." ಇಬ್ಬರದ್ದೂ ಸೇರಿ ಸಾವಿರದ ಮುನ್ನೂರರ ಆಸುಪಾಸು. ನಾನು ಫೋನ್ ತೆಗೆದು ಸ್ಕ್ಯಾನ್ ಮಾಡಲು ತಯಾರಾದೆ.

"ನಂಬರ್ ಯಾವುದು ಸಾರ್?"

"30, 46."

ಎಂಟು ಮೂರಲಿ ಇಪ್ಪತ್ನಾಲ್ಕು, ಉಳಿದದ್ದು ಆರು. ಎಂಟು ಐದಲಿ ನಲವತ್ತು, ಉಳಿದದ್ದು ಆರು. ಎರಡೂ ಅಪ್ಪರ್.

ನನ್ನ ಮುಖ ನೋಡಿ ಆಯಿಗೆ ಗೊತ್ತಾಯಿತು. "ನೀ ಹೋಗು ತಮಾ, ಒಂದೇ ಮಾಡ್ಸು. ಎಂಗೆ ಇಲ್ಲೇ ಅಡ್ಡಿಲ್ಲೆ." ಈ ಅಡ್ಡಿಲ್ಲೆಯ ಅರ್ಥ ನನಗೆ ಹಿಡಿಯಲಿಲ್ಲ. ಒಂದು ಗಳಿಗೆ ಆಸೆಯಾಯಿತು, ಸುಳ್ಳು ಹೇಳಲ್ಲ. ಏಳೆಂಟು ಗಂಟೆ ತಣ್ಣಗೆ ಮಲಗಬಹುದಿತ್ತು. ಟಿಟಿ ಪೆನ್ನಿನ ತುದಿಯಿಂದ ಕಿವಿ ಕೆರೆಯುತ್ತ ಕಾದರು. ಬೇಡ ಸಾರ್ ಅಂದೆ. ಅವರು ಮುಂದಿನ ಸಾಲಿಗೆ ಹೋದರು, ಅಲ್ಲಿ ಒಬ್ಬರು ತಕ್ಷಣ 46 ತಗೊಂಡರು.

ಉಡುಪಿಯಲ್ಲಿ ಮಳೆ ನಿಂತಿತು. ಒಬ್ಬರು ಕಿಟಕಿ ಎತ್ತಿದರು, ನೋಡಿ ಇನ್ನೊಬ್ಬರು. ತೊಳೆದ ಗಾಳಿ ಡಬ್ಬಿಯ ಉದ್ದಕ್ಕೂ ಹರಿಯಿತು. ಆಯಿ ಮಲಗುವಾಗ ಹೇಳಿದಳು, "ಘಟ್ಟ ಬಂದ್ರೆ ಎಬ್ಸು."

ಸುಬ್ರಹ್ಮಣ್ಯ ರೋಡಿನಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಏರು ಹತ್ತುವಾಗ ಹಿಂದಿನಿಂದ ತಳ್ಳಲು ಇಲ್ಲಿ ಎಂಜಿನ್ ಜೋಡಿಸುತ್ತಾರೆ. ಆ ಧಕ್ಕೆಗೇ ಎಚ್ಚರವಾಯಿತು. ಆಯಿಯ ಭುಜ ಮುಟ್ಟಿದೆ. "ಆಯಿ, ಘಟ್ಟ." ಅವಳು ಕಣ್ಣು ಬಿಡದೆ, "ಮಲ್ಗು ತಮಾ" ಅಂದು ಗೋಡೆ ಕಡೆ ಹೊರಳಿದಳು. ಐದು ದಿನದಲ್ಲಿ ಅವಳು ಹೀಗೆ ನಿದ್ದೆ ಮಾಡಿದ್ದು ಅದೇ ಮೊದಲು.

ನಾನೇ ಕಿಟಕಿ ಪಕ್ಕ ಕೂತೆ. ಸುರಂಗ ಬಂದಾಗ ಸದ್ದು ದಪ್ಪವಾಗುತ್ತದೆ, ಮುಗಿದಾಗ ಜೀರುಂಡೆ. ಸೇತುವೆ ಬಂದರೆ ಕೆಳಗೆಲ್ಲೋ ನೀರಿನ ಸದ್ದು ಮಾತ್ರ, ಕಾಣುವುದಿಲ್ಲ. ಎಣಿಸುತ್ತ ಹೋದೆ. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಅಂತ ಗೊಂದಲವಾಗಿ ಬಿಟ್ಟುಬಿಟ್ಟೆ. ಎಡಕುಮರಿಯಲ್ಲಿ ಗಾಡಿ ನಿಂತಾಗ ದೀಪದ ಸುತ್ತ ಮಂಜು ಸುತ್ತುತ್ತಿತ್ತು. ಚಳಿಯಾಗಿ ಆಯಿಗೆ ಶಾಲು ಹೊದಿಸಿದೆ, ನನಗೆ ಮಾವಿನ ಚೀಲದ ಮೇಲಿನ ಟವೆಲ್.

ಹಾಸನ ದಾಟಿದ ಮೇಲೆ ಬೆಳಕಾಯಿತು. ಆಯಿ ಎದ್ದು ಕೂತು ಕೂದಲು ಕಟ್ಟಿಕೊಂಡಳು.

"ಘಟ್ಟ ಹೋತಾ?"

"ಹೋಯ್ತು."

"ಎಬ್ಸು ಹೇಳಿದ್ನಲಾ."

"ಎಬ್ಬಿಸಿದೆ. ನೀನೇ ಮಲ್ಗು ಅಂದೆ."

ಅವಳು ನಂಬಲಿಲ್ಲ. ಎದುರಿನ ಬರ್ತಿನವರನ್ನು ಸಾಕ್ಷಿಗೆ ಕರೆದೆ, ಅವರು ರಾತ್ರಿಯಿಡೀ ಮಲಗಿದ್ದರಂತೆ. ಅವರ ಕಣ್ಣು ಸೀಟಿನ ಕೆಳಗಿನ ಈರುಳ್ಳಿಯ ಮೇಲಿತ್ತು. ಗೊಂಚಲಿಗೆ ಎಷ್ಟು ಕೊಟ್ರಿ ಅಂತ ಕೇಳಿದರು. ಆಯಿ ಕೊಟ್ಟದ್ದಕ್ಕಿಂತ ಇಪ್ಪತ್ತು ರೂಪಾಯಿ ಕಡಿಮೆ ಹೇಳಿದಳು.